ಗುಡ್ಲು ತಡೆಯಲು ಹೋದ ಚಿಕ್ಕಮ್ಮ

ವಾದದಲ್ಲಿ ಸೋಲುವುದು ಹೇಗೆಂದು ಇಪ್ಪತ್ಮೂರು ವರ್ಷದವರೆಗೂ ನನಗೆ ಗೊತ್ತಿರಲಿಲ್ಲ. ಹಾಸನದ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು ನಾನು. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ. ವಿಷಯ ಯಾವುದಾದರೂ ಸರಿ, ಎದುರಾಳಿಯ ಕಣ್ಣಲ್ಲಿ ನೀರು ಬಂದರೆ ಸಾಕು! ಹೀಗಿದ್ದ ನನ್ನನ್ನು ಅರಕಲಗೂಡಿನ ಒಂದು ಸೊಪ್ಪಿನ ಗುಡ್ಲು ಮಣ್ಣು ಮುಕ್ಕಿಸಿತು. ನಾನೊಬ್ಬಳೇ ಮುಕ್ಕಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ.

ಅರಕಲಗೂಡಿನಲ್ಲಿ ನನ್ನ ಅಕ್ಕನ ಮನೆ. ಭಾವನದು ಗೊಬ್ಬರದ ಅಂಗಡಿ. ಅಕ್ಕನಿಗೆ ಇಬ್ಬರು ಹೆಣ್ಣುಮಕ್ಕಳು: ನಂದಿನಿ, ಸುಧಾ. ಹೆತ್ತವಳು ಅಕ್ಕನಾದರೂ ಆ ಮಕ್ಕಳು ನನ್ನವು ಎಂಬುದು ನನ್ನ ದೃಢವಾದ ನಿಲುವಾಗಿತ್ತು. ಹಾಸನದ ಶಾಲೆಯೊಂದರಲ್ಲಿ ಟೀಚರ್ ಆಗಿದ್ದ ನಾನು ಪ್ರತಿ ಭಾನುವಾರ ಬೆಳಗಿನ ಬಸ್ಸು ಹತ್ತಿ ಹೋಗಿ, ಇಬ್ಬರಿಗೂ ತಲೆಗೆ ಎಣ್ಣೆ ಹಚ್ಚಿ, ಹೇನು ತೆಗೆದು, ಜಡೆ ಹಾಕಿ, ಭಾಷಣ ಮಾಡುವುದನ್ನು ಕಲಿಸಿ ಬರುತ್ತಿದ್ದೆ. ನಂದಿನಿ ಎಂಟನೇ ಕ್ಲಾಸಿಗೇ ಮೇಷ್ಟ್ರುಗಳಿಗೆ ಎದುರು ಪ್ರಶ್ನೆ ಹಾಕುತ್ತಿದ್ದಳು. ನನಗೆ ಎಷ್ಟು ಹೆಮ್ಮೆ!

ಅವಳ ಹತ್ತನೇ ಕ್ಲಾಸಿನ ಪರೀಕ್ಷೆಗೆ ಇಪ್ಪತ್ತು ದಿನವಿದ್ದಾಗ ನನ್ನ ರೂಮಿನ ಓನರ್ ಮನೆಗೆ ಅವಳ ಫೋನ್ ಬಂತು.

"ಚಿಕ್ಕಮ್ಮ, ನಾನು... ದೊಡ್ಡೋಳಾಗ್ಬುಟ್ಟೆ. ಗುಡ್ಲಲ್ಲಿ ಕೂರುಸ್ತಾರಂತೆ. ಕ್ಲಾಸಿನ ಹುಡುಗ್ರೆಲ್ಲ ಅವರವರ ಅಮ್ಮನ ಜೊತೆ ಊಟಕ್ಕೆ ಬಂದ್ರೆ ನಾನು ಸ್ಕೂಲಿಗೆ ಹೆಂಗೆ ಹೋಗ್ಲಿ? ನೀನೇ ಬಂದು ಬ್ಯಾಡ ಅನ್ನು."

"ಅಳಬೇಡ. ನಾನಿದ್ದೀನಿ" ಎಂದೆ. ಈ ಎರಡು ಮಾತು ಅಲ್ಲಿಗೇ ನಿಂತಿದ್ದರೆ ಎಲ್ಲರೂ ಬದುಕಿಕೊಳ್ಳುತ್ತಿದ್ದರು.

ನಮ್ಮ ಕಡೆ ಹುಡುಗಿ ದೊಡ್ಡವಳಾದರೆ ಸೋದರಮಾವ ಹಸಿ ತೆಂಗಿನ ಗರಿ, ಸೊಪ್ಪು ಕಡಿದು ತಂದು ಗುಡ್ಲು ಹಾಕಬೇಕು. ಅದರೊಳಗೆ ಹುಡುಗಿಯನ್ನು ಕೂರಿಸಿ, ಎಳ್ಳು-ಬೆಲ್ಲದ ಚಿಗಳಿ ಉಂಡೆ ತಿನ್ನಿಸಿ, ಆರತಿ ಎತ್ತಿ, ಬಂದವರಿಗೆ ಊಟ ಹಾಕುತ್ತಾರೆ. ಗುಡ್ಲು ಹಾಕುವ ಹಕ್ಕು ಮಾವನದೇ. ಈ ಪದ್ಧತಿಯ ಮೇಲೆ ನನ್ನ ಬಳಿ ಐದು ಅಂಶಗಳ ಖಂಡನೆ ಸಿದ್ಧವಿತ್ತು.

ಮರುದಿನವೇ ಭಾವನ ಅಂಗಡಿಗೆ ನುಗ್ಗಿದೆ. ಯೂರಿಯಾ ಮೂಟೆಗಳ ಮುಂದೆ ಏಳೆಂಟು ಗಿರಾಕಿಗಳು ನಿಂತಿದ್ದರು. ಸಭೆ ಇದೆಯೆಂದು ನನಗೆ ಖುಷಿಯೇ ಆಯಿತು! "ಭಾವ, ಮೊದಲನೆಯದಾಗಿ..." ಎಂದು ಶುರುಮಾಡಿದವಳು, ಐದನೆಯದಾಗಿ ಇದು ತಿಳಿವಳಿಕೆ ಇಲ್ಲದ ತಂದೆಯರು ಮಾಡುವ ಕೆಲಸ ಎನ್ನುವವರೆಗೂ ಉಸಿರು ಬಿಡಲಿಲ್ಲ.

ಮೂಟೆಯ ಮೇಲೆ ಕೂತಿದ್ದ ಮುದುಕರೊಬ್ಬರು ನಕ್ಕರು. "ನಾದ್ನಿ ಅಪ್ಪಣೆ ಕೊಡ್ಸವ್ಳೆ ಕಣ್ಲಾ. ಕೇಳ್ಕಂಡು ಮಾಡು!"

ಭಾವನ ಕಿವಿ ಕೆಂಪಾಯಿತು. "ನೋಡಮ್ಮಣ್ಣಿ, ಪರೀಕ್ಸೆ ಐತೆ ಅಂತ ಮನೆ ಮಟ್ಟಿಗೆ ನಾಕು ಜನ ಹೆಂಗುಸ್ರನ್ನ ಕರ್ದು ಮುಗಿಸ್ಬುಡಾನಾ ಅಂತಿದ್ದೆ. ಈಗ ಛತ್ರದಲ್ಲೇ ಮಾಡ್ತೀನಿ. ಕಾರ್ಡೂ ಹಾಕುಸ್ತೀನಿ. ಅದೇನ್ ಮಾಡ್ಕತೀಯೋ ಮಾಡ್ಕೊ!"

ನಾಲ್ಕು ಹೆಂಗಸರಿದ್ದದ್ದು ನಾನೂರು ಜನವಾಯಿತು. ಬೇರೆ ಯಾರೇ ಆಗಿದ್ದರೂ ಇಲ್ಲಿ ಬಾಯಿ ಮುಚ್ಚುತ್ತಿದ್ದರು. ನಾನು ದುದ್ದದ ಬಸ್ಸು ಹತ್ತಿದೆ.

ದುದ್ದದಲ್ಲಿ ನನ್ನ ಅಣ್ಣ, ಅಂದರೆ ಮಕ್ಕಳ ಸೋದರಮಾವ. ಮಾವನೇ ಗರಿ ಕಡಿಯದಿದ್ದರೆ ಗುಡ್ಲು ಎಲ್ಲಿಂದ ಬರಬೇಕು? ಡೈರಿಗೆ ಹಾಲು ಹಾಕಲು ಹೊರಟಿದ್ದವನನ್ನು ದಾರಿಯಲ್ಲೇ ಅಡ್ಡಗಟ್ಟಿದೆ.

"ನಾನು ಓಗ್ದಿದ್ರೆ ಇನ್ಯಾವನಾರ ಬತ್ತಾನೆ ಕಣೆ. ನಂಗಿರಾವೂ ಎರಡೂ ಹೆಣ್ಣೇ, ಸೊಸೆ ತಂದ್ಕಳಾಕೆ ಗಂಡು ಮಗ ಇಲ್ಲ. ನಾನಾದ್ರೆ ಗುಡ್ಲು ಆಕಿ, ಉಂಡು, ಎದ್ದು ಬತ್ತೀನಿ. ಇನ್ಯಾವನೋ ಬಂದ್ರೆ..."

"ಅಣ್ಣಾ, ಊಹೆ ವಾದ ಆಗಲ್ಲ. ಆಧಾರ ಕೊಡು!" ಎಂದೆ.

ಅಣ್ಣನ ಬಳಿ ಆಧಾರವಿರಲಿಲ್ಲ. ಹಾಲು ಒಡೆಯುವ ಭಯ ಮಾತ್ರ ಇತ್ತು. "ನಿನ್ ಕೈಲಿ ಮಾತಾಡಕ್ಕಾಯ್ತದಾ? ಓಗಕಿಲ್ಲ, ಬುಡವ್ವ" ಎಂದು ಕೈಮುಗಿದು ಸೈಕಲ್ ತುಳಿದ. ಗೆದ್ದೆ!

ಗುಡ್ಲಿನ ದಿನ ಛತ್ರಕ್ಕೆ ಹೋದಾಗ ಬಾಗಿಲಲ್ಲೇ ಹಸಿ ಸೊಪ್ಪಿನ ವಾಸನೆ. ಹೊಳೆನರಸೀಪುರದಿಂದ ನಮ್ಮ ದೊಡ್ಡಪ್ಪನ ಮಗ ರಾಜಣ್ಣ ಒಂದು ಟೆಂಪೊ ತುಂಬ ಗರಿ ತಂದಿಳಿಸಿದ್ದ. ವರಸೆಯಲ್ಲಿ ಅವನೂ ಮಾವನೇ. ಗುಡ್ಲಿನ ಇನ್ನೊಂದು ಬದಿಗೆ ಗರಿ ಕಟ್ಟುತ್ತಿದ್ದವನು ಅವನ ಮಗ. ಇಪ್ಪತ್ತೈದು ವರ್ಷ, ದಪ್ಪ ಮೀಸೆ.

ಊಟದ ಹೊತ್ತಿಗೆ ರಾಜಣ್ಣ ಎದ್ದು ನಿಂತ. "ಗುಡ್ಲು ಆಕ್ದೋನಿಗೆ ಹಕ್ಕೈತೆ. ಹೆಣ್ಣು ನಮ್ಮನೆಗೇ!"

ಜನ ಹೋ ಎಂದರು. ತುಂಬಿದ ಛತ್ರದಲ್ಲಿ, ಅಣ್ಣ ಕೈಕೊಟ್ಟಾಗ ಬಂದು ಮರ್ಯಾದೆ ಉಳಿಸಿದವನಿಗೆ ಇಲ್ಲ ಎನ್ನುವುದು ಭಾವನಿಂದ ಆಗಲಿಲ್ಲ. ನಾನು ಎಲೆ ಬಿಟ್ಟೆದ್ದೆ. "ಇದು ಅಪರಾಧ! ಹದಿನೆಂಟು ತುಂಬುವವರೆಗೆ ಆ ಮಗುವಿನ ಮದುವೆ ಮಾತೇ ಎತ್ತುವಂತಿಲ್ಲ!"

"ಆಗ್ಲಿ ಗೀತಾ, ಕಾಯ್ತೀವಿ" ಎಂದ ರಾಜಣ್ಣ, ಚೂರೂ ಬೇಸರವಿಲ್ಲದೆ. "ಎಲ್ರೂ ಕೇಳ್ಕಳ್ರಪ್ಪೋ! ಅದ್ನೆಂಟು ತುಂಬ್ತಿದ್ದಂಗೆ ಕೊಡ್ತಾರಂತೆ. ಹುಡ್ಗಿ ಚಿಕ್ಕಮ್ಮನೇ ಏಳವ್ಳೆ!"

ಚಪ್ಪಾಳೆ ಬಿತ್ತು. ನನ್ನ ಭಾಷಣಕ್ಕೆ ಅಷ್ಟು ದೊಡ್ಡ ಚಪ್ಪಾಳೆ ಹಿಂದೆಂದೂ ಬಿದ್ದಿರಲಿಲ್ಲ. ಗರಿಗಳ ಸಂದಿಯಿಂದ ನಂದಿನಿ ನನ್ನನ್ನೇ ನೋಡುತ್ತಿದ್ದಳು.

ಮುಂದಿನ ಎರಡು ವರ್ಷ ಭಾವನ ಜೊತೆ, ರಾಜಣ್ಣನ ಜೊತೆ, ನ್ಯಾಯ ಹೇಳಲು ಬಂದ ಹಿರಿಯರ ಜೊತೆ ವಾದಿಸಿದೆ. ಪ್ರತಿ ಸಲವೂ ಗೆದ್ದೆ. ಗೆದ್ದಾಗಲೆಲ್ಲ ಅವರು ಇನ್ನಷ್ಟು ಗಟ್ಟಿಯಾದರು. ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿದ ತಿಂಗಳೇ ಮದುವೆಯಾಯಿತು. ಹುಡುಗಿಗೆ ಹದಿನೆಂಟು ತುಂಬಿತ್ತು; ಕಾನೂನಿನ ಪ್ರಕಾರ ನಾನು ಬಾಯಿ ತೆರೆಯುವಂತಿರಲಿಲ್ಲ. ಸೀರೆ ನೆರಿಗೆ ಹಿಡಿಯುತ್ತಿದ್ದ ನನಗೆ ಮಾತ್ರ ಕೇಳುವಂತೆ ನಂದಿನಿ ಹೇಳಿದಳು: "ನೀನು ಹೇಳಿದ್ದೆಲ್ಲ ಸರಿಯಾಗೇ ಇತ್ತು, ಚಿಕ್ಕಮ್ಮ."

ಆಮೇಲೆ ಅವಳು ತವರಿಗೆ ಬಂದರೆ ಅಡುಗೆಮನೆಯ ಗೋಡೆಗೆ ಒರಗಿ ಕೂರುತ್ತಿದ್ದಳು. ಕೇಳಿದ್ದಕ್ಕೆ ಹೂಂ, ಇಲ್ಲವೇ ಉಹೂಂ.

ಮಾರನೆಯ ವರ್ಷ ಸುಧಾಳ ಸರದಿ. ಎಂಟು ದಿನ ಕಳೆದ ಮೇಲೆ ಅಕ್ಕ ಫೋನಿನಲ್ಲಿ ಬಾಯಿತಪ್ಪಿ ಹೇಳಿದಳು. ಶಾಲೆಗೆ ರಜೆ ಹಾಕಿ ಓಡಿದೆ. ದಾರಿಯುದ್ದಕ್ಕೂ ಅಂಶಗಳನ್ನು ಜೋಡಿಸಿಕೊಂಡೆ. ಈ ಸಲ ಒಂಬತ್ತಾದವು. ಅರಕಲಗೂಡಿನ ಸ್ಟ್ಯಾಂಡಿನಲ್ಲಿ ಇಳಿದರೆ, ಯೂನಿಫಾರ್ಮಿನಲ್ಲಿ ಸುಧಾ ನಿಂತಿದ್ದಳು.

"ಅಮ್ಮ ಹೇಳ್ತು, ನೀನು ಬಂದೇ ಬತ್ತೀಯ ಅಂತ. ಮನೆಗೆ ಬರ್ಬ್ಯಾಡ, ಚಿಕ್ಕಮ್ಮ."

"ಯಾಕೆ? ಗುಡ್ಲು ಯಾವತ್ತು?"

"ಗುಡ್ಲೂ ಇಲ್ಲ, ಏನೂ ಇಲ್ಲ. ಅಮ್ಮ ಒಬ್ಳೇ ಆರತಿ ಎತ್ತುದ್ಲು. ಅಪ್ಪ ಒಪ್ಕತು."

"ನಿಮ್ಮಪ್ಪ? ಏನಂತ ವಾದ ಮಾಡಿದೆ?"

"ವಾದ ಏನ್ ಮಾಡ್ಲಿ? ಪಕ್ಕದಲ್ಲಿ ಕೂತ್ಕಂಡು ಅತ್ತೆ. ಅಕ್ಕನ ತರ ಆಗೋಯ್ತೀನಿ ಅಪ್ಪ ಅಂದೆ. ಅಪ್ಪಾನೂ ಅಳ್ತು." ನನ್ನ ಬ್ಯಾಗು ಕೈಯಿಂದ ತೆಗೆದುಕೊಂಡಳು. "ಈಗ ನೀನು ಬಂದು ಮಾತಾಡುದ್ರೆ ಅಪ್ಪಂಗೆ ಮತ್ತೆ ಹಠ ಬತ್ತದೆ. ನನ್ ಮ್ಯಾಲೆ ಪ್ರೀತಿ ಇದ್ರೆ ವಾಪಸ್ ಹೋಗು."

ಒಂಬತ್ತರಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಹದಿಮೂರು ವರ್ಷದ ಹುಡುಗಿ ನನ್ನನ್ನು ಹಾಸನದ ಬಸ್ಸಿಗೆ ಹತ್ತಿಸಿ, ಕಿಟಕಿ ಪಕ್ಕ ಕೂರಿಸಿ, ಬಸ್ಸು ಹೊರಡುವವರೆಗೂ ಕಾವಲು ನಿಂತಳು. ಎಲ್ಲಿ ಇಳಿದುಬಿಡುತ್ತೇನೋ ಎಂಬ ಭಯ ಅವಳಿಗೆ!

"ಎಲ್ಲಿಗೆ ಮೇಡಂ?" ಎಂದ ಕಂಡಕ್ಟರ್. ಎರಡು ಸಲ ಕೇಳಿದ. ನಾನು ಬಾಯಿ ಬಿಡಲಿಲ್ಲ. ಆ ಮಕ್ಕಳಿಗೆ ಇಷ್ಟು ವರ್ಷಗಳಲ್ಲಿ ನಾನು ಮಾಡಿದ ಒಂದೇ ಉಪಕಾರ ಅದು.