ಬೀಗದೊಳಗಿನ ಗರಗಸ

ಅನುಮಾನ ನನ್ನ ಹುಟ್ಟುಗುಣವೋ ಹೊಟ್ಟೆಪಾಡೋ ಎಂಬುದೇ ನನಗೊಂದು ಅನುಮಾನ. ಮಾಗಡಿ ರಸ್ತೆಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೇನೆ. ಬೇರೆಯವರು ಮಾಡಿದ್ದನ್ನು ಗೇಜಿಗೆ ಹಿಡಿದು ನೋಡಿ, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎಸೆಯುವುದು ನನ್ನ ಕೆಲಸ. ಸಂಜೆ ರಾಜಾಜಿನಗರದ ಮನೆಗೆ ಬಂದರೂ ಅದೇ ಚಾಳಿ. ಹಾಲಿನವನು ಎಮ್ಮೆಯನ್ನು ನಮ್ಮ ಬಾಗಿಲಿಗೇ ತಂದು ಕಣ್ಣೆದುರಿಗೇ ಕರೆದುಕೊಟ್ಟರೂ, ಬರುವ ಮುಂಚೆ ಎಮ್ಮೆಗೆ ಎಷ್ಟು ಬಿಂದಿಗೆ ನೀರು ಕುಡಿಸಿದ್ದನೋ ಎಂದು ಯೋಚಿಸುವವನು ನಾನು. ಅನುಮಾನಂ ಪೆದ್ದರೋಗಂ ಎಂದು ನನ್ನ ಹೆಂಡತಿ ಶಾರದೆ ದಿನಕ್ಕೊಂದು ಸಲವಾದರೂ ಹೇಳುತ್ತಾಳೆ. ಅವಳು ಅದನ್ನು ಯಾರಿಂದ ಕಲಿತಳು ಎಂಬುದರ ಬಗ್ಗೆಯೂ ನನಗೆ ಸಂಶಯವಿದೆ.

ಆಷಾಢದ ಒಂದು ಭಾನುವಾರ ಅವಳು ಮಾಡಿದ ಉಪ್ಪಿಟ್ಟಿನಲ್ಲಿ ನಾನು ಉಪ್ಪು ಹೆಚ್ಚೆಂದು ಹೇಳಿದ್ದೇ ಎಲ್ಲಕ್ಕೂ ಮೂಲ. ಅವಳು ಸೌಟನ್ನು ಕೆಳಗಿಟ್ಟು, "ಇಪ್ಪತ್ತೆರಡು ವರ್ಷದಿಂದ ಬರೀ ರಿಜೆಕ್ಟ್ ಮಾಡಿದ್ದೇ ಆಯ್ತು. ನಿಮ್ಮ ಕೈಯಾರೆ ಒಂದಾದ್ರೂ ವಸ್ತು ಮಾಡಿದೀರಾ, ಹೇಳಿ ನೋಡೋಣ?" ಎಂದಳು. ನಾನು ಬಹಳ ಹೊತ್ತು ಯೋಚಿಸಿದೆ. ನಿಜವಾಗಿ ಏನೂ ನೆನಪಾಗಲಿಲ್ಲ. ಆ ಮಾತು ಉಪ್ಪಿಟ್ಟಿಗಿಂತ ಹೆಚ್ಚು ಉಪ್ಪಾಗಿತ್ತು. ರೋಷದಲ್ಲಿ, "ಈ ಸಲದ ವರಮಹಾಲಕ್ಷ್ಮಿ ಹಬ್ಬಕ್ಕೆ ದೇವಿ ಕೂರೋ ಮಂಟಪ ನಾನೇ ಮಾಡ್ತೀನಿ. ಎರಡು ಕಡೆ ನವಿಲು, ಮೇಲೆ ಬಳ್ಳಿ!" ಎಂದುಬಿಟ್ಟೆ. ಶಾರದೆ ನಗಲಿಲ್ಲ. ಅಷ್ಟೇ ಅಲ್ಲ, ಅಂದೇ ಮಧ್ಯಾಹ್ನ ಹಳೆಯ ಮಂಟಪವನ್ನು ತಂಗಿಗೆ ಕೊಟ್ಟು ಕಳಿಸಿದಳು. ಇನ್ನು ನಾನು ಮಾಡದಿದ್ದರೆ ಲಕ್ಷ್ಮಿಗೆ ನೆಲವೇ ಗತಿ.

ಹೀಗೆ ನಮ್ಮ ಮನೆಗೆ ಸ್ಕ್ರೋಲ್ ಸಾ ಬಂತು. ಹೊಲಿಗೆ ಮೆಷಿನ್ನಿನ ಹಾಗೆ ಕಾಲಿನಲ್ಲಿ ತುಳಿದರೆ, ದಾರದಷ್ಟು ಸಪೂರವಾದ ಗರಗಸ ಮೇಲೆ ಕೆಳಗೆ ಕುಣಿದು ಹಲಗೆಯಲ್ಲಿ ಹೂ ಬಳ್ಳಿ ಕೊರೆಯುವ ಯಂತ್ರ. ಪೇಟೆಯಿಂದ ಅದನ್ನು ಜಟಕಾದಲ್ಲಿ ತಂದೆ. ಆಟೋದವರ ಹಾಗೆ ಕುದುರೆ ಮೀಟರ್ ತಿರುಗಿಸುವುದಿಲ್ಲವಲ್ಲ. ಕಾರಿಲ್ಲದ ನಮ್ಮ ಕಾರ್ ಷೆಡ್ಡಿನಲ್ಲಿ ಪೆಟ್ಟಿಗೆ ಬಿಚ್ಚಿ, ಒಣಹುಲ್ಲಿನ ನಡುವಿನಿಂದ ಒಂದೊಂದೇ ಭಾಗ ಹೆಕ್ಕಿ ಜೋಡಿಸಿದೆ. ಎಲ್ಲ ಮುಗಿದ ಮೇಲೆ ಒಂದು ಬೋಲ್ಟ್ ಉಳಿಯಿತು. ಕಡಿಮೆ ಕೊಡುವ ಅಂಗಡಿಯವರನ್ನು ಕಂಡಿದ್ದೇನೆ, ಹೆಚ್ಚಿಗೆ ಕೊಡುವವನನ್ನು ಕಂಡಿರಲಿಲ್ಲ. ಇದರಲ್ಲಿ ಏನೋ ಮಸಲತ್ತಿದೆ ಎಂದು ಬೋಲ್ಟನ್ನು ಜೇಬಿಗೆ ಹಾಕಿಕೊಂಡೆ.

ಅಷ್ಟರಲ್ಲಿ ಕಾಂಪೌಂಡಿನ ಮೇಲಿನಿಂದ ಒಂದು ಬಿಳಿ ಟೋಪಿ ಮೂಡಿತು. ಪಕ್ಕದ ಮನೆಯ ಚನ್ನಬಸಪ್ಪ ಮೇಷ್ಟ್ರು. ಧಾರವಾಡದ ಕಡೆಯವರು, ನಿವೃತ್ತರಾಗಿ ಮಗಳ ಮನೆಯಲ್ಲಿದ್ದರು. ಏನು ಕಲಿಸುತ್ತಿದ್ದರೆಂದು ನಾನು ಕೇಳಿರಲಿಲ್ಲ; ಕೇಳಿದರೆ ಮಾತು ಬೆಳೆಯುತ್ತದೆ ಎಂಬ ಭಯ. "ಹೊಸಾ ಮಷೀನ ಬಂತೇನ್ರಿ? ಒಂದೀಟು ನೋಡ್ಲೇನು?" ಎಂದವರು ಉತ್ತರಕ್ಕೆ ಕಾಯದೆ ಗೇಟು ತೆಗೆದು ಒಳಗೆ ಬಂದರು. ಗರಗಸದ ಮೇಲೆ ಮೆಲ್ಲಗೆ ಬೆರಳಾಡಿಸಿ, "ಭಾಳ ಚಲೋ ಐತ್ರಿ" ಎಂದು ನಕ್ಕರು. ಆ ನಗು ನನಗೆ ಸರಿಬರಲಿಲ್ಲ. ಅವರು ಹೋದ ಕೂಡಲೇ, ಯಾರಾದರೂ ತಿರುಗಿಸಿದರೆ ತಿಳಿಯಲೆಂದು ನಟ್ಟುಗಳಿಗೆಲ್ಲ ಸೀಮೆಸುಣ್ಣದ ಗುರುತು ಹಾಕಿ, ಷೆಡ್ಡಿಗೆ ದೊಡ್ಡ ಬೀಗ ಜಡಿದು, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡೆ.

ಪೂಜೆಯಾಗದೆ ಯಂತ್ರಕ್ಕೆ ಕಾಲಿಡಕೂಡದು ಎಂದು ಶಾರದೆಯ ಕಟ್ಟಪ್ಪಣೆ. ಶುಕ್ರವಾರ ಬೆಳಿಗ್ಗೆ ಯಂತ್ರಕ್ಕೆ ಹೂ ಮುಡಿಸಿದ್ದಾಯಿತು. "ಕೆಲಸ ಮಾಡೋದು ಆ ಗರಗಸ ತಾನೇ? ಅದನ್ನ ದೇವರ ಮುಂದೆ ಇಡಬೇಡವಾ?" ಎಂದಳು. ಸರಿ, ಬ್ಲೇಡನ್ನು ಕೊಕ್ಕೆಯಿಂದ ಬಿಡಿಸಿ, ದೇವರ ಮುಂದೆ ತಟ್ಟೆಯಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಮಂಗಳಾರತಿ ಮಾಡಿ, ಮತ್ತೆ ತಂದು ಸಿಕ್ಕಿಸಿದೆ.

ಸಂಜೆ ಗಣಪತಿಯನ್ನು ನೆನೆದು ಪೆಡಲ್ ತುಳಿದೆನೋ ಇಲ್ಲವೋ, ಪ್ಲೈವುಡ್ ಹಲಗೆ ಎಗರಿ ಎಗರಿ ಬಿದ್ದು ನನ್ನ ಬೆರಳು ಜಜ್ಜಿತು. ಮತ್ತೆ ಹಿಡಿದೆ. ಮತ್ತೆ ಎಗರಿತು. ಶನಿವಾರವೂ ಹಾಗೇ, ಭಾನುವಾರವೂ ಹಾಗೇ. ನವಿಲಿನ ಕೊಕ್ಕಿನಷ್ಟೂ ಕೊರೆಯಲಾಗಲಿಲ್ಲ, ಆದರೆ ಇಡೀ ಬೀದಿಗೆ ನನ್ನ ಮನೆಯ ಸದ್ದು ಕೇಳಿಸಿತು. ಗೋಡೆಯ ಆಚೆಯಿಂದ ಮೇಷ್ಟ್ರು, "ನಾ ಬರ್ಲೇನ್ರಿ?" ಎಂದು ಕೂಗಿದರು. ನನ್ನ ತಲೆಯಲ್ಲಿ ಬಲ್ಬು ಹೊತ್ತಿಕೊಂಡಿತು. ಯಂತ್ರವನ್ನು ಮುಟ್ಟಿದ ಹೊರಗಿನವರು ಅವರೊಬ್ಬರೇ! ಅವತ್ತು ಬೆರಳಾಡಿಸಿ ಏನೋ ಕೈಚಳಕ ಮಾಡಿದ್ದಾರೆ, ಈಗ ತಾವೇ ರಿಪೇರಿ ಮಾಡಿ ದೊಡ್ಡವರೆನಿಸಿಕೊಳ್ಳುವ ಹಂಚಿಕೆ. "ಬೇಡ ಸಾರ್. ಮುಟ್ಟಬಾರದವರು ಮುಟ್ಟಿದ್ದಕ್ಕೇ ಹೀಗಾಗಿರೋದು" ಎಂದೆ. ಬಿಳಿ ಟೋಪಿ ನಿಧಾನವಾಗಿ ಕೆಳಗಿಳಿಯಿತು. ಎರಡು ದಿನ ಮತ್ತೆ ಮೇಲೇಳಲಿಲ್ಲ.

ಮಂಗಳವಾರ ನಾನು ಕಾರ್ಖಾನೆಯಿಂದ ಬಂದಾಗ ಷೆಡ್ಡಿನ ಮುಂದೆ ಶಾರದೆ, ಅವಳ ಪಕ್ಕದಲ್ಲಿ ಮೇಷ್ಟ್ರು. "ಹಬ್ಬಕ್ಕೆ ಎರಡೇ ದಿನ ಉಳಿದಿರೋದು. ದೇವೀನ ನೆಲದ ಮೇಲೆ ಕೂರಿಸ್ಲಾ? ಬೀಗ ತೆಗೀರಿ" ಎಂದಳು. ತೆಗೆದೆ. ಸೀಮೆಸುಣ್ಣದ ಗುರುತು ಒಂದೂ ಅಳಿಸಿರಲಿಲ್ಲ. ಮೇಷ್ಟ್ರು ಬ್ಲೇಡನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ಸವರಿದರು.

"ಹಲ್ಲು ಮ್ಯಾಲ ಮಾಡಿ ಕುಂತಾವಲ್ರೀ! ಗರಗಸದ ಹಲ್ಲು ಕೆಳಗ ಇರಬೇಕು. ಅಂದ್ರ ಹಲಗೀನ ಕೆಳಗ ಒತ್ತಿ ಹಿಡೀತಾವ. ಹಿಂಗಿದ್ರ ಎತ್ತಿ ಒಗೀತಾವ. ನಾ ನೋಡಿದ ದಿನ ಬರೋಬರಿ ಇತ್ತು. ಆಮ್ಯಾಲ ಯಾರರೆ ಬಿಚ್ಚಿದ್ರೇನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಜನಿವಾರ ಮುಟ್ಟಿ ನೋಡಿಕೊಂಡೆ. ಬೀಗದ ಕೈ ಅಲ್ಲೇ ಇತ್ತು. ಬ್ಲೇಡಿನ ತುದಿಯಲ್ಲಿ ಕುಂಕುಮವೂ ಇತ್ತು. ಶಾರದೆ ಕುಂಕುಮವನ್ನೂ ನನ್ನನ್ನೂ ಸರದಿಯಂತೆ ನೋಡಿದಳು. ನೆಲ ಬಾಯಿಬಿಡಬಾರದೇ ಎನಿಸಿತು. ಮೇಷ್ಟ್ರು ಬ್ಲೇಡನ್ನು ತಿರುಗಿಸಿ ಹಾಕುತ್ತ, ಮೂವತ್ತು ವರ್ಷ ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದುದಾಗಿ ಹೇಳಿದರು. ಜೇಬಿನ ಬೋಲ್ಟ್ ತೋರಿಸಿದೆ. "ಅದು ಜಾಸ್ತೀದು ಇರ್ಲಿ ಅಂತ ಕೊಟ್ಟಾನ್ರಿ, ಪಾಪ" ಎಂದರು.

ಆವತ್ತೂ ಮರುದಿನವೂ ಸಂಜೆ ಕೊರೆದೆ, ಗುರುವಾರ ರಜೆ ಹಾಕಿ ಇಡೀ ದಿನ ಕೊರೆದೆ. ಶುಕ್ರವಾರ ಲಕ್ಷ್ಮಿ ನನ್ನ ಮಂಟಪದಲ್ಲೇ ಕೂತಳು. ಬಲಗಡೆಯ ನವಿಲು ಚೆನ್ನಾಗಿದೆ. ಎಡಗಡೆಯದರ ಕೊಕ್ಕು ಸೊಟ್ಟ, ಕತ್ತಿಗೆ ಉಳುಕು ಹಿಡಿದಂತಿದೆ. ನಮ್ಮ ಕಾರ್ಖಾನೆಗೆ ಬಂದಿದ್ದರೆ ನಾನೇ ಕೆಂಪು ಬಳಿಯುತ್ತಿದ್ದೆ. ಸಂಜೆ ಮೇಷ್ಟ್ರು ಮಗಳೊಂದಿಗೆ ಬಂದಾಗ, "ಸಾರ್, ನಿಮ್ಮ ಮೇಲೆ ಅನುಮಾನ ಪಟ್ಟುಬಿಟ್ಟೆ, ತಪ್ಪಾಯ್ತು. ಆ ಕೊಕ್ಕು..." ಎಂದು ತೊದಲಿದೆ. ಅವರು ಕೊಕ್ಕಿನ ಮೇಲೆ ಅದೇ ಬೆರಳಾಡಿಸಿ, ಅದೇ ನಗು ನಕ್ಕು, "ಮೊದಲನೇದ್ರಾಗ ತಪ್ಪು ಹುಡುಕಬಾರದ್ರೀ. ಹುಡುಕಿದ್ರ ಎರಡನೇದು ಮಾಡೂದಿಲ್ಲ" ಎಂದರು.

ಇಪ್ಪತ್ತೆರಡು ವರ್ಷದಲ್ಲಿ ನಾನು ಎಷ್ಟು ಮೊದಲನೆಯವಕ್ಕೆ ಕೆಂಪು ಬಳಿದಿದ್ದೇನೋ! ಆ ರಾಶಿ ಒಮ್ಮೆಲೇ ಕಣ್ಣ ಮುಂದೆ ಬಂತು.

ಷೆಡ್ಡಿಗೆ ಈಗಲೂ ಬೀಗವಿದೆ. ಬೀಗದ ಕೈ ಮಾತ್ರ ಮೇಷ್ಟ್ರ ಹತ್ತಿರವಿರುತ್ತದೆ. ಯಂತ್ರ ಬೇಕೆಂದರೆ ನಾನು ಗೋಡೆಯ ಬಳಿ ನಿಂತು ಅವರನ್ನು ಕೂಗಬೇಕು. ಇದು ನನ್ನದೇ ಏರ್ಪಾಡು. ಆ ಷೆಡ್ಡಿನಲ್ಲಿ ಒಬ್ಬನೇ ಬಿಡಬಾರದ ಮನುಷ್ಯ ಯಾರೆಂಬುದು ಪೂರ್ತಿ ತಪಾಸಣೆಯಾಗಿ ಸಾಬೀತಾಗಿದೆ.