ಪರ್ಡಿಂಗ್ ಸಾಹೇಬರಿಗಾಗಿ ಸಭೆ ಎದ್ದು ನಿಂತದ್ದು

ಅತಿಥಿಯ ಪರಿಚಯ ಮಾಡಿಕೊಡುವುದು ಕಷ್ಟದ ಕೆಲಸವೇನಲ್ಲ ಎಂಬುದು ಮೊನ್ನೆಯ ಶನಿವಾರದವರೆಗೆ ನನ್ನ ದೃಢ ಅಭಿಪ್ರಾಯವಾಗಿತ್ತು. ದುಬೈಗೆ ಬರುವ ಮೊದಲು ನಾನು ಮಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದವನು. ವರ್ಷಗಟ್ಟಲೆ ನೋಡಿಕೊಂಡದ್ದು ನಿಧನವಾರ್ತೆಯ ಅಂಕಣ. ಕಂಡರಿಯದವರ ಇಡೀ ಬದುಕನ್ನು ನಾಲ್ಕು ಸಾಲಿಗೆ ಇಳಿಸುವುದು ನನಗೆ ಕಾಫಿ ಕುಡಿದಷ್ಟು ಸುಲಭ. ಈಗ ಅಲ್ ಮುರಕ್ಕಬಾತ್‌ನ ಜಾಹೀರಾತು ಕಚೇರಿಯಲ್ಲಿ ಕರಡು ತಿದ್ದುತ್ತೇನೆ, ನಿಜ. ಆದರೂ ಡೆಸ್ಕಿನ ಶಿಸ್ತು ಬಿಟ್ಟಿಲ್ಲ.

ಹಾಗಾಗಿ ನಮ್ಮ ಕನ್ನಡ ಬಳಗದ ವಾರ್ಷಿಕೋತ್ಸವಕ್ಕೆ ಇಂಗ್ಲೆಂಡಿನ ನಟರೊಬ್ಬರು ಮುಖ್ಯ ಅತಿಥಿ ಎಂದು ಗೊತ್ತಾದ ಕೂಡಲೇ, ಪರಿಚಯ ಭಾಷಣ ನನ್ನದೇ ಎಂದು ಘೋಷಿಸಿಬಿಟ್ಟೆ.

ಅವರನ್ನು ಒಪ್ಪಿಸಿದ್ದು ನನ್ನ ಹೆಂಡತಿ ಸುಮನಾ.

"ನೋಡಿ, ಅವರು ನಮ್ಮ ಮೇಡಮ್‌ನ ಅಪ್ಪ. ನನ್ನ ಪ್ರಮೋಶನ್ ಆ ಮೇಡಮ್‌ನ ಕೈಯಲ್ಲಿದೆ. ನೀವು ಎಂಥದಾದರೂ ಎಡವಟ್ಟು ಮಾಡಿದರೆ ಸೋಮವಾರ ಅವರ ಎದುರು ನಿಲ್ಲಲಿಕ್ಕಿರುವುದು ನಾನು."

"ಎಡವಟ್ಟು? ನಾನು?" ಎಂದೆ.

ಮಿರ್ದಿಫ್‌ನಲ್ಲಿ ಮಗಳ ವಿಲ್ಲಾದಲ್ಲಿದ್ದ ಪರ್ಡಿಂಗ್ ಸಾಹೇಬರನ್ನು ಸಂದರ್ಶಿಸಿದೆ. ಹರೆಯದಿಂದ ಮುಪ್ಪಿನವರೆಗೆ ರಂಗಭೂಮಿ, ಸಿನಿಮಾ ಎರಡರಲ್ಲೂ ದುಡಿದವರು. ಒಮ್ಮೆಯೂ ನಾಯಕನಾಗಲಿಲ್ಲ. ಬಾಗಿಲು ತೆರೆಯುವ ಬಟ್ಲರ್, ತಡವಾಗಿ ಬರುವ ಪೊಲೀಸ್, ವಿಲ್ ಓದುವ ವಕೀಲ, ಮೊದಲ ದೃಶ್ಯದಲ್ಲೇ ಸಾಯುವ ಚಿಕ್ಕಪ್ಪ.

"ನನ್ನ ಮುಖ ಎಲ್ಲರಿಗೂ ಗೊತ್ತು, ಹೆಸರು ಯಾರಿಗೂ ಗೊತ್ತಿಲ್ಲ. ರಸ್ತೆಯಲ್ಲಿ ಸಿಕ್ಕವರು ತಮ್ಮ ಹಳೆಯ ಹಲ್ಲಿನ ಡಾಕ್ಟರ್ ಇರಬೇಕೆಂದು ನಮಸ್ಕರಿಸುತ್ತಾರೆ" ಎಂದು ನಕ್ಕರು.

ಎಲ್ಲವನ್ನೂ ಎರಡೆರಡು ಸಲ ಪರಿಶೀಲಿಸಿ ಆರು ಪುಟ ಬರೆದೆ. ಸುಮನಾ ಓದಿ ಹಣೆ ಒತ್ತಿಕೊಂಡಳು.

"ಇದೆಂಥದು ಮಾರಾಯ್ರೆ! ಬಟ್ಲರ್, ಪೊಲೀಸ್, ಹೆಣ! ಸ್ವಲ್ಪ 'ಕಲಾ ಸಾರ್ವಭೌಮ', 'ನಟನಾ ಚತುರ' ಅಂತೆಲ್ಲ ಹಾಕಿ."

"ದಾಖಲೆ ಇಲ್ಲದ್ದನ್ನು ಬರೆಯುವುದಿಲ್ಲ."

"ಕಡೆಯಲ್ಲಾದರೂ 'ನೂರು ಕಾಲ ಬಾಳಲಿ' ಅಂತ ಇದೆಯಾ?"

"ಆರನೇ ಪುಟದಲ್ಲಿದೆ" ಎಂದೆ, ಗಂಭೀರವಾಗಿ.

ಶನಿವಾರ ಸಂಜೆ ಊದ್ ಮೇಥಾದ ಸಭಾಂಗಣ ತುಂಬಿತ್ತು. ಪ್ರಾಯೋಜಕರಿಗೆ ಶಾಲು, ಪ್ರಾಯೋಜಕರ ಪತ್ನಿಯರಿಗೆ ಶಾಲು, ಶಾಲು ತಂದವರಿಗೂ ಶಾಲು. ನಡುವೆ ಮಕ್ಕಳ ನೃತ್ಯ. ನಾನು ಪರದೆಯ ಪಕ್ಕ ಅತ್ತಿಂದಿತ್ತ ಓಡಾಡಿದೆ. ನೀರು ಕುಡಿದೆ. ಕುಡಿದದ್ದಕ್ಕೆ ಇನ್ನೊಂದು ಕಡೆ ಓಡಬೇಕಾಯಿತು. ಮರಳಿ ಬಂದರೂ ಶಾಲು ಮುಗಿದಿರಲಿಲ್ಲ!

ಅಷ್ಟರಲ್ಲಿ ಬಳಗದ ಅಧ್ಯಕ್ಷರಾದ ಶೆಟ್ರು ಬೆವರು ಒರೆಸುತ್ತ ಬಂದರು. "ಹಾಲ್‌ನವರು ಲೈಟ್ ಆಫ್ ಮಾಡ್ತೇವೆ ಅಂತಿದ್ದಾರೆ. ನಿಮ್ಮದು ಎರಡೇ ನಿಮಿಷ. ಯಲ್ಲಾ, ಯಲ್ಲಾ, ಬೇಗ!"

ಡೆಸ್ಕಿನವನು ಇಂಥದಕ್ಕೆಲ್ಲ ಹೆದರುವುದಿಲ್ಲ. ಜಾಗ ಕಡಿಮೆಯಾದರೆ ಸುದ್ದಿಯನ್ನು ಬಾಲದಿಂದ ಕತ್ತರಿಸಬೇಕು; ಅದು ನಿಯಮ. ಕೊನೆಯ ನಾಲ್ಕು ಪುಟ ಕಿತ್ತು ಜೇಬಿಗಿಟ್ಟೆ. ನೂರು ಕಾಲ ಬಾಳುವುದೂ ಅದರಲ್ಲೇ ಹೋಯಿತು.

ವೇದಿಕೆಯ ಮೇಲೆ ಸಾಹೇಬರು ಮೈಸೂರು ಪೇಟ, ಶಾಲು, ಗಂಧದ ಹಾರ ಧರಿಸಿ ಕೂತಿದ್ದರು. ಮುಂದಿನ ಸಾಲಿನಲ್ಲಿ ಮೇಡಮ್ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದರು. ನಾನು ಓದಿದೆ. ಹುಟ್ಟಿದ ಊರು, ಓದಿದ ಶಾಲೆ, ಬಟ್ಲರ್, ವಕೀಲ, ಚಿಕ್ಕಪ್ಪ. ಎರಡನೇ ಪುಟ ಮುಗಿಯಿತು. ಮುಂದೆ ಏನೂ ಇಲ್ಲ!

ಶೆಟ್ರು ಕೈಗಡಿಯಾರ ತಟ್ಟಿದರು. ನನ್ನ ತಲೆ ಖಾಲಿಯಾಗಿತ್ತು. ಬಾಯಿ ಮಾತ್ರ ಹಳೆಯ ನೌಕರಿಯನ್ನು ಮರೆತಿರಲಿಲ್ಲ. ಗಂಭೀರ ಸ್ವರದಲ್ಲಿ, ಒಂದಕ್ಷರವೂ ತಪ್ಪದೆ, ತಾನಾಗಿಯೇ ವಾಕ್ಯ ಮುಗಿಸಿತು:

"ಶ್ರೀಯುತರು ಓರ್ವ ಪುತ್ರಿ, ಅಳಿಯ, ಮೊಮ್ಮಕ್ಕಳು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ."

ನಮ್ಮ ಜನ ಸಭೆಯಲ್ಲಿ ಭಾಷಣ ಕೇಳುವುದಿಲ್ಲ, ಮೊಬೈಲ್ ನೋಡುತ್ತಾರೆ. ಆದರೆ 'ಅಗಲಿದ್ದಾರೆ' ಎಂಬ ಶಬ್ದ ಕಿವಿಗೆ ಬಿದ್ದರೆ ಕಾಲು ತಾನೇ ಏಳುತ್ತದೆ. ಹಿರಿಯರು ಎದ್ದರು. ಅವರನ್ನು ನೋಡಿ ಉಳಿದವರು ಎದ್ದರು. ವಾಟ್ಸಾಪ್‌ನಲ್ಲಿ ಮುಳುಗಿದ್ದ ಕಾರ್ಯದರ್ಶಿ ಇನ್ನೊಂದು ಮೈಕಿನಲ್ಲಿ, "ಒಂದು ನಿಮಿಷ ಮೌನ" ಎಂದೇ ಬಿಟ್ಟರು!

ಮೌನ. ಹಿಂದಿನ ಸಾಲಿನಿಂದ ಪಿಸುಮಾತು ಕೇಳಿಸಿತು.

"ಯಾರು ಹೋದದ್ದು ಮಾರಾಯಾ?"

"ಸ್ಟೇಜಿನಲ್ಲಿ ಕೂತಿದ್ದಾರಲ್ಲ, ಅವರೇ."

ಸುಮನಾಳ ಮುಖ ನೋಡುವ ಧೈರ್ಯವಾಗಲಿಲ್ಲ. ಸಾಹೇಬರ ಕಡೆ ನೋಡಿದೆ. ಅವರು ನಿಧಾನವಾಗಿ ಎದ್ದರು. ಪೇಟ ಸರಿಮಾಡಿಕೊಂಡು, ಎದೆಯ ಮೇಲೆ ಕೈಯಿಟ್ಟು, ಸಭೆಗೆ ಆಳವಾಗಿ ತಲೆಬಾಗಿದರು. ಕಣ್ಣು ತುಂಬಿತ್ತು.

ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡರು. "ಇಷ್ಟು ವರ್ಷದಲ್ಲಿ ಪ್ರೇಕ್ಷಕರು ನನಗಾಗಿ ಎದ್ದು ನಿಂತದ್ದೇ ಇಲ್ಲ. ಎದ್ದರೆ ಮನೆಗೆ ಹೋಗಲಿಕ್ಕೆ. ಅದೂ ಇಂಥ ಮೌನ! ನಮ್ಮಲ್ಲಿ ಸುಮ್ಮನೆ ಚಪ್ಪಾಳೆ ತಟ್ಟುತ್ತಾರೆ."

"ಈ ಗೌರವ ನಮ್ಮಲ್ಲಿ ಒಬ್ಬರಿಗೆ ಒಮ್ಮೆ ಮಾತ್ರ ಸಲ್ಲುತ್ತದೆ" ಎಂದೆ. ಕಾಗದ ನೋಡದೆ ಆ ಸಂಜೆ ನಾನಾಡಿದ ಏಕೈಕ ಪರಿಶೀಲಿತ ಸತ್ಯ.

ಕಾರಿನಲ್ಲಿ ಸುಮನಾ ಮನೆ ಮುಟ್ಟುವವರೆಗೂ ಮೌನ ಆಚರಿಸಿದಳು. ಸೋಮವಾರ ಕಚೇರಿಯಿಂದಲೇ ಫೋನ್ ಮಾಡಿದಳು.

"ಪ್ರಮೋಶನ್ ಆಯ್ತು. ಆದರೆ ಫ್ರೇಮ್ ಹಾಕಿಸಿ ಅಪ್ಪನಿಗೆ ಕೊಡಲಿಕ್ಕೆ ಮೇಡಮ್‌ಗೆ ನಿಮ್ಮ ಭಾಷಣ ಇಂಗ್ಲಿಷಿನಲ್ಲಿ ಬೇಕಂತೆ. ಮುಖ್ಯವಾಗಿ ಆ ಕೊನೆಯ ವಾಕ್ಯ. ಅದಕ್ಕೇ ಅಲ್ಲವಾ ಎಲ್ಲರೂ ಎದ್ದದ್ದು, ಅಂತಾರೆ!"

ಬರೆದೆ. ಕಲಾ ಸಾರ್ವಭೌಮ, ನಟನಾ ಚತುರ, ಅಭಿನಯ ಸಾಗರ. ಒಂದಕ್ಕೂ ದಾಖಲೆ ಇಲ್ಲ. ಸುಮನಾ ಓದಿ, "ಇಷ್ಟು ಚಂದ ಬರೆಯಲಿಕ್ಕೆ ಬರುತ್ತಿದ್ದರೆ ಅವತ್ತೇ ಬರೆಯಬಹುದಿತ್ತಲ್ಲ?" ಎಂದಳು.

ನನ್ನ ಪ್ರತಿಭೆಯನ್ನು ಬಳಗವೂ ಗುರುತಿಸಿದೆ. ಇನ್ನು ಮುಂದೆ ಮುಖ್ಯ ಅತಿಥಿಗಳ ಪರಿಚಯ ಬೇರೆಯವರದು. ಶ್ರದ್ಧಾಂಜಲಿ ಸಭೆಗಳು ಮಾತ್ರ ನನ್ನವು. ಅಲ್ಲಿಯ ಅತಿಥಿಗಳು ಇದುವರೆಗೆ ದೂರು ಕೊಟ್ಟಿಲ್ಲ.