ನಮ್ಮ ಬೇಸ್‌ಮೆಂಟಿನ ಆಫ್ರಿಕಾ

ಇಡೀ ಖಂಡವೇ ಮನೆಗೆ ಬಂದು ಕೂತರೆ ತಮಾಷೆಗೇನು ಬರ? ಪರದೇಶದಲ್ಲಿ ನಾವಿರುವ ನೋವೈ ಊರಿನಲ್ಲಿ ನನ್ನ ಮಗಳ ಹೈಸ್ಕೂಲಿನ ತಂಡ ಆಫ್ರಿಕಾ ದೇಶಗಳ ಅಣಕು ಶೃಂಗಸಭೆಗೆ ಹೆಸರು ಕೊಟ್ಟಾಗಿನಿಂದ ನಮ್ಮಲ್ಲಿ ದಿನಕ್ಕೊಂದು ಪ್ರಸಂಗ. ಒಂದೊಂದು ಮಗು ಒಂದೊಂದು ದೇಶ; ನನ್ನ ಮಗಳು ಕೀನ್ಯಾ. ಗಡಿ ತೆರೆದು ಒಂದೇ ಮಾರುಕಟ್ಟೆ ಮಾಡುವ ಒಪ್ಪಂದಕ್ಕೆ ಎಲ್ಲರೂ ಸಹಿ ಹಾಕಬೇಕು. ಒಂದು ದೇಶ ಕೈಕೊಟ್ಟರೂ ಸ್ಪರ್ಧೆಯಿಂದ ಇಡೀ ತಂಡ ಔಟ್. ಮಗಳಿಗಿಂತ ನನಗೇ ನಿದ್ದೆ ಇಲ್ಲ.

ಗಡಿ

ಬೇಸ್‌ಮೆಂಟಿನಲ್ಲಿ ಮೊದಲ ಅಭ್ಯಾಸ. ಗಡಿ ತೆರೆಯಲು ಎಲ್ಲರೂ ಒಪ್ಪಿದರು. ನನಗೆ ಖುಷಿಯೋ ಖುಷಿ. ಯಾರು ಮೊದಲು ತೆರೆಯುವುದು ಎಂದಾಗ ಮಾತ್ರ ಪ್ರತಿಯೊಬ್ಬರೂ ಪಕ್ಕದವರನ್ನು ತೋರಿಸಿದರು. ಹೋಗಲಿ, ಮೂರು ಎಣಿಸುತ್ತೇನೆ, ಒಟ್ಟಿಗೇ ಕೈ ಎತ್ತಿ ಎಂದೆ. ಎಣಿಸಿದೆ. ಒಂದು ಕೈಯೂ ಏಳಲಿಲ್ಲ. ಉಳಿದವರು ಎತ್ತುತ್ತಾರಾ ಅಂತ ಕಾಯುತ್ತಿದ್ದೆವು ಎಂದು ಎಲ್ಲರದೂ ಒಂದೇ ಉತ್ತರ. ಏಕತೆ ಅಂದರೆ ಅದು.

ಕುರ್ಚಿ

ಮುಂದಿನ ವಾರ ಪಕ್ಕದ ಮನೆಯ ಹುಬ್ಬಳ್ಳಿ ಡಾಕ್ಟರ್ ಅಂಕಲ್ಲನ್ನು ತಿಂಡಿಯ ಹೊತ್ತಿನವರೆಗೆ ಹಂಗಾಮಿ ಅಧ್ಯಕ್ಷರಾಗಿ ಕೂರಿಸಿದೆವು. ತಿಂಡಿ ಬಂತು, ಅಂಕಲ್ ಏಳಲಿಲ್ಲ. ಮಿರ್ಚಿಯನ್ನೂ ಕುರ್ಚಿಗೇ ತರಿಸಿಕೊಂಡರು. ಚುನಾವಣೆ ಯಾವಾಗ ಎಂದು ಮಕ್ಕಳು ಕೇಳಿದರು.

"ಇನ್ನೂ ಪರಿಸ್ಥಿತಿ ಸರಿ ಇಲ್ಲ. ಈಗ ನಾ ಎದ್ದೆ ಅಂದ್ರ ಎಲ್ಲಾ ಹದಗೆಡ್ತದ" ಎಂದರು.

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಆಂಟಿ ಒಮ್ಮೆ "ಏನ್ರೀ" ಎಂದರು. ಅಂಕಲ್ ಎದ್ದು ಚಪ್ಪಲಿ ಹುಡುಕತೊಡಗಿದರು. ರಕ್ತಪಾತವಿಲ್ಲದೆ ಸರ್ಕಾರ ಬಿತ್ತು ಎಂದು ಮಗಳು ಘೋಷಿಸಿದಳು.

ಸಹಿ

ಐದು ಗಂಟೆ ಡ್ರೈವ್ ಮಾಡಿ ಸ್ಪರ್ಧೆ ನಡೆಯುವ ಓಕ್ ಬ್ರೂಕ್ ತಲುಪಿದೆವು. ಅಲ್ಲಿ ಎಲ್ಲ ದೇಶಗಳೂ ಸಹಿ ಹಾಕಿಬಿಟ್ಟವು! ನಾನು ಕೂತಲ್ಲಿಂದ ಹಾರಿದೆ. ಆಗ ತೀರ್ಪುಗಾರರಾಗಿದ್ದ ಘಾನಾ ಮೂಲದ ಪ್ರೊಫೆಸರಮ್ಮ, ಸಹಿ ಸರಿ, ಇದು ನಿಮ್ಮ ದೇಶಗಳಲ್ಲಿ ಜಾರಿಗೆ ಬರುವುದು ಯಾವಾಗ ಎಂದು ಕೇಳಿದರು. ಇದಕ್ಕೆ ನಾವು ತಯಾರಿ ಮಾಡಿರಲಿಲ್ಲ. ಮನೆಯಲ್ಲಿ ಎಷ್ಟು ಕನ್ನಡ ಮಾತಾಡಿಸಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ಗಾಬರಿಯಲ್ಲಿ ಮೈಕಿನಲ್ಲಿ "ನೋಡೋಣ" ಎಂದುಬಿಟ್ಟಳು.

ಹಾಗೆಂದರೇನು ಎಂದರು ಅವರು. ಮಗಳು ನನ್ನತ್ತ ಕೈ ತೋರಿಸಿ, ನಾಯಿಮರಿ ಬೇಕೆಂದು ಕೇಳಿದಾಗಲೆಲ್ಲ ನಮ್ಮಮ್ಮ ಹೇಳುವ ಮಾತು ಎಂದಳು. ಆಗಲ್ಲ ಅಂತ ಅರ್ಥ, ಆದರೆ ಯಾರೂ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ ಎಂದೂ ವಿವರಿಸಿದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಪ್ರೊಫೆಸರಮ್ಮ ಮಾತ್ರ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಮ್ಮ ಆಫ್ರಿಕಾದ ಶೃಂಗಸಭೆಗಳನ್ನು ಇಷ್ಟು ಚೆನ್ನಾಗಿ ಯಾರೂ ಅರ್ಥಮಾಡಿಕೊಂಡಿರಲಿಲ್ಲ ಎಂದು ಮೊದಲ ಬಹುಮಾನ ನಮಗೇ ಕೊಟ್ಟರು. ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು.

ಕಪ್ ಮಾತ್ರ ಅಲ್ಲಿರಲಿಲ್ಲ, ಶಾಲೆಗೆ ಕಳಿಸುತ್ತಾರಂತೆ. ಯಾವಾಗ ಬರುತ್ತದೆ ಎಂದು ಮಗಳು ಕೇಳಿದಳು.

ಪ್ರೊಫೆಸರಮ್ಮ ಸ್ವಚ್ಛ ಕನ್ನಡದಲ್ಲಿ ಉತ್ತರಿಸಿದರು: "ನೋಡೋಣ."